ಹೋಮ್ ಥಿಯೇಟರಿನಲ್ಲಿ ಮಾತಿನ ಸ್ಪಷ್ಟತೆ

ಕಾಲು, ಪಾಲು, ಸಾಲು, ಹಾಲು: ಈ ನಾಲ್ಕು ಪದಗಳನ್ನು ಬೇರೆ ಮಾಡುವುದು ಮೊದಲ ವ್ಯಂಜನ ಮಾತ್ರ. ಮಾತಿನ ಸದ್ದಿನಲ್ಲಿ ಹೆಚ್ಚಿನ ಬಲ ಸ್ವರಗಳದ್ದು. ಅದು ಬಹುಪಾಲು 1,000 ಹರ್ಟ್ಸ್‌ನ ಕೆಳಗಿರುತ್ತದೆ. ವ್ಯಂಜನಗಳ ಗುರುತು ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ಆಸುಪಾಸಿನಲ್ಲಿ, ಅದೂ ಕ್ಷೀಣವಾಗಿ ಇರುತ್ತದೆ. ಸಿನಿಮಾದ ಮಾತು ಕೇಳಿಸಿಯೂ ತಿಳಿಯದಿದ್ದರೆ ಮರೆಯಾಗಿರುವುದು ಈ ವ್ಯಂಜನಗಳೇ. ವಾಲ್ಯೂಮ್ ಏರಿಸಿದರೆ ಮಾತಿನ ಜೊತೆಗೆ ಹಿನ್ನೆಲೆ ಸಂಗೀತವೂ ಗದ್ದಲವೂ ಏರುತ್ತವೆ; ತೊಡಕು ಹಾಗೇ ಉಳಿಯುತ್ತದೆ.

ಮೊದಲು ನೋಡಬೇಕಾದದ್ದು ಸ್ಪೀಕರಿನ ಜಾಗ. 5.1 ವ್ಯವಸ್ಥೆಯಲ್ಲಿ ಐದು ಸ್ಪೀಕರುಗಳೂ ಒಂದು ಸಬ್‌ವೂಫರೂ ಇರುತ್ತವೆ. ಸಂಭಾಷಣೆಯ ಬಹುಪಾಲು ಬರುವುದು ಟಿವಿಯ ಕೆಳಗೋ ಮೇಲೋ ಇರುವ ಸೆಂಟರ್ ಸ್ಪೀಕರಿನಿಂದ. ಅದನ್ನು ಕಪಾಟಿನ ಒಳಗೆ ತಳ್ಳಿಟ್ಟರೆ ಮಾತು ಡಬ್ಬಿಯೊಳಗಿಂದ ಬಂದಂತೆ ಕೇಳಿಸುತ್ತದೆ. ಸ್ಪೀಕರಿನ ಮುಖ ಹಲಗೆಯ ಅಂಚಿಗೆ ಸಮವಾಗಿರಬೇಕು. ಸ್ಪೀಕರ್ ಟಿವಿಯ ಕೆಳಗಿದ್ದರೆ ಮುಂಭಾಗವನ್ನು ತುಸು ಎತ್ತಿ, ಕುಳಿತವರ ಕಿವಿಯತ್ತ ತಿರುಗಿಸಬೇಕು. ಹೆಚ್ಚು ಹರ್ಟ್ಸ್‌ನ ಸದ್ದು ನೇರ ದಾರಿಯಲ್ಲೇ ಚೆನ್ನಾಗಿ ತಲುಪುತ್ತದೆ.

ಎರಡನೆಯದು ಕೋಣೆ. ಗ್ರಾನೈಟ್ ನೆಲ, ಬರಿಯ ಗೋಡೆ, ಗಾಜಿನ ಕಿಟಕಿ ಸದ್ದನ್ನು ಹಿಂದಕ್ಕೆ ಎಸೆಯುತ್ತವೆ. ಹಿಂದಿನ ಅಕ್ಷರದ ಅನುರಣನ ಆರುವ ಮೊದಲೇ ಮುಂದಿನದು ಬಂದು ಎರಡೂ ಕಲಸಿಹೋಗುತ್ತವೆ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ನಿರಿಗೆಯ ಪರದೆ, ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಅನುರಣನ ತಗ್ಗುತ್ತದೆ.

ಮೂರನೆಯದು ಸ್ಪೀಕರುಗಳಿಗೆ ಸದ್ದು ಹಂಚುವ ರಿಸೀವರಿನ ಹೊಂದಿಕೆ. ಸ್ಪೀಕರ್ ಮೆನುವಿನಲ್ಲಿ ಸೆಂಟರಿನ ಮಟ್ಟವನ್ನು ಮಾತ್ರ 2 ಅಥವಾ 3 ಡೆಸಿಬೆಲ್ ಏರಿಸಬಹುದು. ಸಣ್ಣ ಸೆಂಟರ್ ಸ್ಪೀಕರಿನ ಕ್ರಾಸ್ಓವರನ್ನು 80 ಹರ್ಟ್ಸ್ ಆಸುಪಾಸಿನಲ್ಲಿಟ್ಟರೆ ಅದಕ್ಕಿಂತ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗುತ್ತದೆ, ಸೆಂಟರಿನ ಹೊರೆ ಇಳಿಯುತ್ತದೆ. ಸಬ್‌ವೂಫರಿನ ಮಟ್ಟ ಅತಿಯಾದರೆ ಅದರ ಗುಡುಗು ಮಾತನ್ನು ಮುಚ್ಚುವುದರಿಂದ ಅದನ್ನೂ ತಗ್ಗಿಸಬೇಕು. ರಾತ್ರಿ ಹೊತ್ತಿಗಾಗಿ ಇರುವ ನೈಟ್ ಮೋಡ್ ಜೋರು ಸದ್ದಿಗೂ ಪಿಸುಮಾತಿಗೂ ಇರುವ ಅಂತರವನ್ನು ಕಿರಿದುಮಾಡುತ್ತದೆ.

ಸೆಂಟರ್ ಸ್ಪೀಕರೇ ಇಲ್ಲದ ಮನೆಯಲ್ಲಿ ಆ ಸಂಗತಿಯನ್ನು ಮೆನುವಿನಲ್ಲಿ ನಮೂದಿಸಲೇಬೇಕು. ಆಗ ಸಂಭಾಷಣೆ ಎಡಬಲದ ಸ್ಪೀಕರುಗಳಿಗೆ ಹಂಚಿಹೋಗುತ್ತದೆ. ನಮೂದಿಸದಿದ್ದರೆ ಮಾತಿನ ಹೆಚ್ಚಿನ ಭಾಗ ಕೇಳಿಸದೇ ಹೋಗಬಹುದು. ಇಂಥ ಏರ್ಪಾಡಿನಲ್ಲಿ ಎರಡೂ ಸ್ಪೀಕರುಗಳಿಗೆ ಸಮದೂರದಲ್ಲಿ ಕುಳಿತವರಿಗೇ ಮಾತು ಪರದೆಯ ನಡುವಿನಿಂದ ಬಂದಂತೆ ತೋರುತ್ತದೆ.

ಮೊದಲು ಜಾಗ, ಆಮೇಲೆ ಕೋಣೆ, ಕೊನೆಗೆ ಮೆನು: ಈ ಕ್ರಮದಲ್ಲಿ ಒಂದೊಂದನ್ನೇ ಬದಲಿಸಿ, ಒಂದೇ ದೃಶ್ಯವನ್ನು ಮತ್ತೆ ಮತ್ತೆ ಕೇಳಿ ಹೋಲಿಸಬೇಕು. ಹೊಸ ಸ್ಪೀಕರ್ ಕೊಳ್ಳುವ ಯೋಚನೆ ಬರಬೇಕಾದದ್ದು ಇಷ್ಟೆಲ್ಲ ಮಾಡಿ ನೋಡಿದ ಮೇಲೆ.