ಕೋಣೆಯೂ ಒಂದು ವಾದ್ಯ



ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಲ್ಲಿ ನಮ್ಮದು ಹಳೆಯ ಮನೆ. ಕಲ್ಲುಚಪ್ಪಡಿಯ ನೆಲ, ಸುಣ್ಣ ಬಳಿದ ದಪ್ಪ ಗೋಡೆ, 14 ಅಡಿ ಉದ್ದ, 10 ಅಡಿ ಅಗಲದ ಪಡಸಾಲೆ. ಬೆಂಗಳೂರಿನಲ್ಲಿರುವ ಮಗ ಬೆಲೆಬಾಳುವ ಒಂದು ಜೊತೆ ಸ್ಟೀರಿಯೋ ಸ್ಪೀಕರುಗಳನ್ನು ತಂದುಕೊಟ್ಟ. ಓಡಾಟಕ್ಕೆ ಅಡ್ಡಿಯಾಗದಿರಲೆಂದು ಅವನ್ನು ಎರಡು ಮೂಲೆಗಳಿಗೆ ಒತ್ತರಿಸಿಟ್ಟೆ.

ಮೊದಲು ಕೇಳಿದ್ದು ‘ಹಂಸಗೀತೆ’ಯ ಹಾಡುಗಳನ್ನು. ನಮ್ಮ ಜಿಲ್ಲೆಯವರೇ ಆದ ತ.ರಾ.ಸು. ಅವರ ಕಾದಂಬರಿಯನ್ನು ಜಿ.ವಿ. ಅಯ್ಯರ್ 1975ರಲ್ಲಿ ಚಲನಚಿತ್ರವಾಗಿಸಿದಾಗ ಬಾಲಮುರಳೀಕೃಷ್ಣ ಅವರು ಹಾಡಿದವು. ಮೃದಂಗ ಗುಡುಗಿತು, ಸಾಹಿತ್ಯ ಮಾತ್ರ ಕಲಸಿಹೋಯಿತು. ಅನಂತರ, ತೀರಿಕೊಂಡ ನನ್ನ ಅಕ್ಕ ಹಿಂದೆ ಮನೆಯಲ್ಲೇ ಒಂದು ಮೈಕಿನ ಮುಂದೆ ಹಾಡಿದ್ದ ದೇವರನಾಮದ ಧ್ವನಿಮುದ್ರಿಕೆಯನ್ನು ಹಾಕಿದೆ. ಕಣ್ಣು ಮಂಜಾಗಿದ್ದ ತಾಯಿ ಆಲಿಸಿ, “ಯಾರೋ ಹಗೇವಿನೊಳಗೆ ಕುಂತು ಹಾಡಿದಂಗೈತಲ್ಲಪ್ಪ, ಯಾರದು?” ಎಂದರು. ಮಗಳ ದನಿ ತಾಯಿಗೆ ಗುರುತು ಸಿಗಲಿಲ್ಲ. ಆ ಮಾತು ನನ್ನನ್ನು ಚುಚ್ಚಿತು.

ದೋಷ ಸ್ಪೀಕರಿನದಲ್ಲ, ಕೋಣೆಯದೆಂದು ತಿಳಿಯಲು ಹಲವು ದಿನ ಬೇಕಾದವು. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಚಲಿಸುತ್ತದೆ. 14 ಅಡಿಯ ಅಂತರದಲ್ಲಿ ಸುಮಾರು 40 ಮತ್ತು 80 ಹರ್ಟ್ಸ್‌ನ ಸ್ವರಗಳು ಎದುರುಬದುರು ಗೋಡೆಗಳ ನಡುವೆ ನಿಂತು ಮೊರೆಯುತ್ತವೆ. ಮೂಲೆಯಲ್ಲಿಟ್ಟ ಸ್ಪೀಕರು ಆ ಮೊರೆತಕ್ಕೆ ಬಲ ಕೊಡುತ್ತದೆ. ಬರಿಯ ಕಲ್ಲು, ಗೋಡೆಗಳು ಪ್ರತಿ ಅಕ್ಷರವನ್ನೂ ಮರಳಿಸಿ, ಮುಂದಿನ ಅಕ್ಷರದ ಮೇಲೆ ಚೆಲ್ಲುತ್ತವೆ. ಕೈತಟ್ಟಿ ನೋಡಿ: ಚಪ್ಪಾಳೆಯ ಹಿಂದೆ ಝಣಝಣ ಸದ್ದು ಉಳಿದರೆ ರೋಗ ಅದೇ.

ಚಿಕಿತ್ಸೆ ದುಬಾರಿಯದಲ್ಲ. ಸ್ಪೀಕರುಗಳನ್ನು ಹಿಂಗೋಡೆಯಿಂದ ಎರಡೂವರೆ ಅಡಿ ಮುಂದಕ್ಕೆ ತಂದೆ. ಪಕ್ಕದ ಗೋಡೆಗಳಿಂದಲೂ ಸರಿಸಿದೆ. ಅವೆರಡೂ ನಾನು ಕೂರುವ ಕುರ್ಚಿಯೂ ಸಮಬಾಹು ತ್ರಿಕೋನದ ಮೂರು ತುದಿಗಳಾದವು. ತಾರಸ್ವರ ಹೊಮ್ಮಿಸುವ ಚಿಕ್ಕ ಘಟಕವನ್ನು ಕಿವಿಯ ಎತ್ತರಕ್ಕೆ ತಂದೆ. ಮೊಮ್ಮಗ ಪಕ್ಕದ ಗೋಡೆಗುಂಟ ಕನ್ನಡಿ ಹಿಡಿದು ನಡೆದ. ಕುರ್ಚಿಯಿಂದ ನನಗೆ ಅದರಲ್ಲಿ ಸ್ಪೀಕರು ಕಂಡೆಡೆ ಚಳ್ಳಕೆರೆಯ ಕಂಬಳಿಯೊಂದನ್ನು ಮಡಿಸಿ, ಗೋಡೆಗೆ ತುಸು ಅಂತರವಿಟ್ಟು ತೂಗುಹಾಕಿದೆವು. ಎದುರು ಗೋಡೆಗೂ ಹಾಗೆಯೇ ಒಂದು, ನೆಲಕ್ಕೊಂದು ಜಮಖಾನ. ಕಂಬಳಿ ಮೇಲಿನ ಸ್ವರಗಳ ಮಾರ್ದನಿಯನ್ನು ಹೀರುತ್ತದೆ, ತಗ್ಗಿನ ಮೊರೆತವನ್ನಲ್ಲ. ಅದಕ್ಕೆ ಸ್ಥಾನಪಲ್ಲಟವೇ ಮದ್ದು.

ಇಷ್ಟಾದರೂ ಅಕ್ಕನ ದನಿ ಚೆದುರಿಯೇ ಇತ್ತು. ಒಂದೇ ಮೈಕಿನಲ್ಲಿ ಹಿಡಿದ ದನಿ ಎರಡು ಸ್ಪೀಕರುಗಳ ನಟ್ಟನಡುವೆ ನಿಲ್ಲಬೇಕು. ಹುಡುಕಿದಾಗ, ಒಂದು ಸ್ಪೀಕರಿಗೆ ಕೆಂಪು, ಕಪ್ಪು ತಂತಿಗಳನ್ನು ನಾನೇ ಅದಲುಬದಲು ಜೋಡಿಸಿದ್ದುದು ಕಂಡಿತು. ಸರಿಪಡಿಸಿದೆ.

ಆ ಸಂಜೆ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿದೆ. ಬೆಳಕಿಲ್ಲದ ಪಡಸಾಲೆಯಲ್ಲಿ, ಯಾರೂ ಇಲ್ಲದ ಎಡೆಯಿಂದ ದನಿ ಎದ್ದಿತು. ಚರಣದ ಮುನ್ನ ಅಕ್ಕ ಉಸಿರೆಳೆದುಕೊಂಡದ್ದೂ ಕೇಳಿಸಿತು. ತಾಯಿ ಆ ಕಡೆಗೆ ಕೈ ಚಾಚಿ, “ಇವಳಿಗೆ ಮೊದಲಿಂದ ಉಸಿರು ಸಾಲದು, ನಿಧಾನಕ್ಕೆ ಹಾಡವ್ವ” ಎಂದರು.

ಹೊಸ ಯಂತ್ರ ಕೊಳ್ಳುವ ಮೊದಲು ಇರುವುದನ್ನು ಒಂದಡಿ ಸರಿಸಿ ಕೇಳಿ. ಕೋಣೆಯೂ ವಾದ್ಯವೇ, ಅದಕ್ಕೂ ಶ್ರುತಿ ಮಾಡಬೇಕು.