ಹೊಸ ಡಿಸ್ಕ್, ಹೊಸ ಸದ್ದು



ಕಡೂರು ಸೀಮೆಯಲ್ಲಿ ತೆಂಗಿನಕಾಯಿ ಕೊಳ್ಳುವವರನ್ನು ನೀವು ನೋಡಿರಬಹುದು. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ, ಬೆರಳಿನಿಂದ ಒಮ್ಮೆ ತಟ್ಟುತ್ತಾರೆ. ಒಳಗೆ ನೀರಿದೆಯೋ, ಒಣಗಿ ಕೊಬ್ಬರಿಯಾಗಿದೆಯೋ ಎಂಬುದನ್ನು ಒಡೆಯದೆಯೇ ಸದ್ದಿನಿಂದ ಹೇಳಿಬಿಡುತ್ತಾರೆ. ಇಂದು ನಾವು ಮಾತನಾಡಲಿರುವ ವಸ್ತುವನ್ನೂ ಒಡೆದು ನೋಡುವಂತಿಲ್ಲ, ಕೇಳಿಯೇ ತಿಳಿಯಬೇಕು. ಅದು ಕಂಪ್ಯೂಟರಿನೊಳಗಿರುವ ಹಾರ್ಡ್ ಡಿಸ್ಕ್.

ಕಂಪ್ಯೂಟರಿನಲ್ಲಿ ಜಾಗ ಸಾಲದಾದಾಗ ನಾವು ಇನ್ನೊಂದು ಡಿಸ್ಕ್ ಸೇರಿಸುತ್ತೇವೆ, ಇಲ್ಲವೇ ಹಳೆಯದನ್ನು ತೆಗೆದು ದೊಡ್ಡದನ್ನು ಹಾಕುತ್ತೇವೆ. ತಿರುಪು ಬಿಗಿದು, ಮುಚ್ಚಳ ಹಾಕಿ, ಸ್ವಿಚ್ ಒತ್ತುತ್ತೇವೆ. ಆಗ ನಿನ್ನೆಯವರೆಗೆ ಇಲ್ಲದ ಒಂದು ಸದ್ದು ಕೇಳುತ್ತದೆ. ‘ಹೊಸ ಡಿಸ್ಕ್ ಕೆಟ್ಟಿದೆ’ ಎಂದು ತಕ್ಷಣ ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನ ಎಷ್ಟೋ ಸಲ ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಆ ಸದ್ದನ್ನು ಕೇಳಿಯೂ ಕೇಳದವರಂತೆ ಕೆಲಸ ಮುಂದುವರಿಸುವುದು.

ಡಿಸ್ಕ್‌ನಲ್ಲಿ ಇರುವುದೇನು ಎಂಬುದನ್ನು ಮೊದಲು ಯೋಚಿಸೋಣ. ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿತು. 2000ದ ದಶಕದ ಆರಂಭದಲ್ಲಿ ಕಡೂರು, ತರೀಕೆರೆ ತಾಲ್ಲೂಕುಗಳ ಪಹಣಿಗಳೂ, ಆಗ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರದ ಪಹಣಿಗಳೂ ಕಂಪ್ಯೂಟರಿಗೆ ಬಂದವು. ಅಡಿಕೆ ತೋಟವಾಗಲಿ, ಈರುಳ್ಳಿ ಹೊಲವಾಗಲಿ, ಅದು ಯಾರದೆಂಬ ದಾಖಲೆ ಕೈಬರಹದ ಪುಸ್ತಕದಿಂದ ಯಂತ್ರದೊಳಗೆ ಸೇರಿತು. ನಿಮ್ಮ ಮನೆಯ ಡಿಸ್ಕ್‌ನಲ್ಲಿ ಪಹಣಿ ಇಲ್ಲದಿರಬಹುದು. ಅಕ್ಕನ ಮದುವೆಯ ಚಿತ್ರಗಳು, ಅಜ್ಜಿಯ ದನಿ, ನಿಮ್ಮ ಪ್ರಾಜೆಕ್ಟ್ ವರದಿ ಇರುತ್ತವೆ. ಆದ್ದರಿಂದ ವಿಚಿತ್ರ ಸದ್ದು ಕೇಳಿದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಇದೇನು ಸದ್ದು?’ ಎಂಬುದಲ್ಲ. ‘ಇದರಲ್ಲಿರುವುದು ಇನ್ನೆಲ್ಲಿದೆ?’ ಎಂಬುದು.

ಇನ್ನು ಡಿಸ್ಕ್‌ನ ರಚನೆ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅಷ್ಟೆಲ್ಲ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಡಿಸ್ಕ್ ಅಂಗೈಯಲ್ಲಿ ಹಿಡಿಸುತ್ತದೆ, ಆದರೆ ತತ್ವ ಅದೇ. ಕಾಂತೀಯ ಲೇಪವಿರುವ ತಟ್ಟೆಗಳು ತಿರುಗುತ್ತವೆ, ಒಂದು ತೋಳಿನ ತುದಿಯಲ್ಲಿರುವ ಹೆಡ್ ಎಂಬ ಭಾಗ ಅವುಗಳ ಮೇಲೆ ಓಡಾಡಿ ಓದುತ್ತದೆ, ಬರೆಯುತ್ತದೆ. ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ತಟ್ಟೆಗೂ ಹೆಡ್ಡಿಗೂ ನಡುವಿನ ಅಂತರ ನಮ್ಮ ತಲೆಗೂದಲಿನ ದಪ್ಪದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು! ತಿರುಗುವ ತಟ್ಟೆ, ಚಲಿಸುವ ತೋಳು ಎರಡೂ ಇರುವುದರಿಂದ ಹಾರ್ಡ್ ಡಿಸ್ಕ್ ಸದ್ದು ಮಾಡುವುದು ಸಹಜ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಸಂಗ್ರಾಹಕದಲ್ಲಿ ಚಲಿಸುವ ಭಾಗವೇ ಇಲ್ಲ. ಅದನ್ನು ಹಾಕಿದ ಮೇಲೆ ಗಡಗಡ ಸದ್ದು ಬಂದರೆ ಅದರ ಮೂಲ ಬೇರೆಡೆ ಇದೆ ಎಂದು ತಿಳಿಯಬೇಕು.

ಈಗ ಮೂರು ಊರುಗಳಲ್ಲಿ ಮೂರು ಸದ್ದುಗಳನ್ನು ಕಲ್ಪಿಸಿಕೊಳ್ಳೋಣ.

ಮೊದಲನೆಯದು ಕಡೂರು. ಕಾಲೇಜು ವಿದ್ಯಾರ್ಥಿಯೊಬ್ಬ ತನ್ನ ಹಳೆಯ ಕಂಪ್ಯೂಟರಿಗೆ ಎರಡನೆಯ ಡಿಸ್ಕ್ ಹಾಕಿದ್ದಾನೆ. ‘ಟಕ ಟಕ ಟಕ’ ಎಂದು ಬಿಡುವಿಲ್ಲದೆ ಸದ್ದು ಬರುತ್ತಿದೆ. ಗಮನವಿಟ್ಟು ಕೇಳಿದರೆ, ಕಂಪ್ಯೂಟರ್ ಬಿಸಿಯಾದಂತೆಲ್ಲ ಸದ್ದು ಬಿರುಸಾಗುತ್ತದೆ. ಡಿಸ್ಕ್ ಒಂದೇ ವೇಗದಲ್ಲಿ ತಿರುಗುತ್ತದೆ, ಬಿಸಿಗೆ ತಕ್ಕಂತೆ ವೇಗ ಬದಲಿಸುವುದು ಫ್ಯಾನ್. ಮುಚ್ಚಳ ತೆಗೆದು ನೋಡಿದರೆ ಹೊಸದಾಗಿ ಎಳೆದ ಕೇಬಲ್ ಫ್ಯಾನಿನ ರೆಕ್ಕೆಗೆ ತಾಗುತ್ತಿದೆ. ಡಿಸ್ಕ್ ನಿರಪರಾಧಿ! ಕೇಬಲ್ಲನ್ನು ಬದಿಗೆ ಸರಿಸಿ ಕಟ್ಟಿದರೆ ಆಯಿತು.

ಎರಡನೆಯದು ತರೀಕೆರೆ. ಛಾಯಾಚಿತ್ರದ ಅಂಗಡಿಯವರು ಮದುವೆಯ ಚಿತ್ರಗಳಿಗಾಗಿ ಹಳೆಯದರಂಥದೇ ಇನ್ನೊಂದು ಡಿಸ್ಕ್ ಸೇರಿಸಿದ್ದಾರೆ. ‘ಊಂ... ಊಂ...’ ಎಂದು ಗುಂಯ್‌ಗುಡುವ ಸದ್ದು, ಅಲೆಯಂತೆ ಏರುತ್ತದೆ, ಇಳಿಯುತ್ತದೆ. ಇದನ್ನು ನೀವು ಭೌತವಿಜ್ಞಾನದಲ್ಲಿ ಓದಿದ್ದೀರಿ. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120 ಸುತ್ತು. ಒಂದು ಡಿಸ್ಕ್ ಸೆಕೆಂಡಿಗೆ 120 ಕಂಪನಗಳನ್ನೂ, ಇನ್ನೊಂದು ನೂರಿಪ್ಪತ್ತೂವರೆ ಕಂಪನಗಳನ್ನೂ ಉಂಟುಮಾಡಿದರೆ, ಎರಡೂ ಬೆರೆತು ಎರಡು ಸೆಕೆಂಡಿಗೊಮ್ಮೆ ಸದ್ದು ಏರಿಳಿಯುತ್ತದೆ. ಇದೇ ವಿಸ್ಪಂದ. ತಂಬೂರಿಯ ಎರಡು ತಂತಿಗಳು ಶ್ರುತಿ ಸೇರುವ ಮುನ್ನ ದನಿ ಅಲೆಯಾಡುವುದಿಲ್ಲವೇ, ಹಾಗೆಯೇ. ಶ್ರುತಿಕವೆಯನ್ನು ಮೇಜಿಗೆ ಊರಿದರೆ ದನಿ ಜೋರಾಗುವಂತೆ ಕಂಪ್ಯೂಟರಿನ ತಗಡಿನ ಪೆಟ್ಟಿಗೆಯೂ ಈ ಕಂಪನವನ್ನು ಹಿಗ್ಗಿಸುತ್ತದೆ. ತಿರುಪುಗಳನ್ನು ಬಿಗಿಮಾಡಿ, ಡಿಸ್ಕ್ ಕೂರುವಲ್ಲಿ ರಬ್ಬರ್ ಬಿಲ್ಲೆ ಇಟ್ಟು, ಎರಡು ಡಿಸ್ಕ್‌ಗಳ ನಡುವೆ ಒಂದು ಅಂತಸ್ತು ಖಾಲಿ ಬಿಟ್ಟರೆ ಸದ್ದು ತಗ್ಗುತ್ತದೆ. ಇದು ಕಿರಿಕಿರಿ, ಅಪಾಯವಲ್ಲ.

ಮೂರನೆಯದು ಅಜ್ಜಂಪುರ. ಲಗ್ನಪತ್ರಿಕೆ, ಅರ್ಜಿ ನಮೂನೆ ಮುದ್ರಿಸಿಕೊಡುವ ಅಂಗಡಿ. ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿ, ತೆಗೆದ ಹಳೆಯ ಎರಡೂವರೆ ಅಂಗುಲದ ಡಿಸ್ಕನ್ನು ಪುಟ್ಟ ಡಬ್ಬಿಯಲ್ಲಿಟ್ಟು ಯುಎಸ್‌ಬಿ ತಂತಿಯಿಂದ ಜೋಡಿಸಿದ್ದಾರೆ. ‘ಕ್ಲಿಕ್... ಕ್ಲಿಕ್... ಕ್ಲಿಕ್’ ಎಂಬ ಸದ್ದು, ಒಂದೇ ಲಯದಲ್ಲಿ. ತೆರೆಯ ಮೇಲೆ ಡಿಸ್ಕ್ ಕಾಣಿಸುವುದಿಲ್ಲ. ಇದಕ್ಕೆ ಎರಡು ಕಾರಣಗಳಿರಬಹುದು. ಒಂದು, ವಿದ್ಯುತ್ತಿನ ಕೊರತೆ. ಹಳೆಯ ಯುಎಸ್‌ಬಿ ಕಿಂಡಿ ಕೊಡುವುದು ಅರ್ಧ ಆಂಪಿಯರ್, ತಿರುಗಲು ಆರಂಭಿಸುವ ಗಳಿಗೆಯಲ್ಲಿ ಡಿಸ್ಕ್ ಅದಕ್ಕಿಂತ ಹೆಚ್ಚು ಬೇಡಬಹುದು. ಸಿಗದಿದ್ದಾಗ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಗಿಡ್ಡ ತಂತಿಯಿಂದ ಕಂಪ್ಯೂಟರಿನ ಹಿಂಬದಿಯ ಕಿಂಡಿಗೆ ನೇರವಾಗಿ ಜೋಡಿಸಿ ಒಮ್ಮೆ ನೋಡಬೇಕು. ಸದ್ದು ನಿಂತು ಡಿಸ್ಕ್ ಕಾಣಿಸಿಕೊಂಡರೆ ದೋಷ ವಿದ್ಯುತ್ತಿನದು.

ನಿಲ್ಲದಿದ್ದರೆ ಎರಡನೆಯ ಕಾರಣವನ್ನು ಶಂಕಿಸಬೇಕು. ತಟ್ಟೆಯ ಮೇಲೆ ದಾರಿ ತೋರುವ ಗುರುತುಗಳಿರುತ್ತವೆ. ಅವನ್ನು ಓದಲಾಗದೆ ಹೆಡ್ ಮತ್ತೆ ಮತ್ತೆ ಆರಂಭದ ಜಾಗಕ್ಕೆ ಮರಳುತ್ತಿದೆ. ಹಾಗೆ ಮರಳುವಾಗ ಆಗುವುದೇ ಈ ಕ್ಲಿಕ್. ಇಲ್ಲಿ ಕೈ ಹಿಂದೆಗೆಯಬೇಕು. ತಂತಿ ಕಿತ್ತುಬಿಡಿ. ‘ಇನ್ನೊಂದೇ ಸಲ’ ಎಂದು ಹತ್ತು ಸಲ ಪ್ರಯತ್ನಿಸಿದರೆ, ಹಾಳಾದ ಹೆಡ್ ತಟ್ಟೆಯ ಲೇಪವನ್ನೇ ಕೆರೆಯಬಹುದು. ಕೆರೆದುಹೋದ ಅಕ್ಷರಗಳನ್ನು ಯಾವ ತಜ್ಞರೂ ಮರಳಿ ತರಲಾರರು. ಡಿಸ್ಕನ್ನು ಬಡಿಯುವುದು, ಫ್ರಿಜ್ಜಿನಲ್ಲಿಡುವುದು, ಮುಚ್ಚಳ ಬಿಚ್ಚುವುದು ಯಾವುದೂ ಸಲ್ಲದು. ಕೂದಲಿನ ಹತ್ತು ಸಾವಿರದಲ್ಲೊಂದು ಪಾಲಿನ ಅಂತರದಲ್ಲಿ ನಮ್ಮ ಕಣ್ಣಿಗೆ ಕಾಣದ ಧೂಳಿನ ಕಣವೂ ಬಂಡೆಯೇ ಸರಿ. ಆ ಕೆಲಸ ಧೂಳುರಹಿತ ಕೊಠಡಿಯಿರುವ ತಜ್ಞರಿಗೆ ಸೇರಿದ್ದು. ಅದಕ್ಕೆ ಹಣವೂ ಬಹಳ ಬೇಕು, ಫಲವೂ ಖಚಿತವಲ್ಲ.

ಮಿತ್ರರೇ, ಈ ಮೂರು ಪ್ರಸಂಗಗಳಲ್ಲಿ ದೋಷವನ್ನು ಹುಡುಕಿದ ಕ್ರಮ ಒಂದೇ. ಕೊನೆಯದಾಗಿ ಬದಲಿಸಿದ್ದು ಏನು ಎಂದು ಕೇಳಿಕೊಳ್ಳಬೇಕು. ಹೊಸ ಡಿಸ್ಕ್ ಹಾಕಿದಾಗ ಬದಲಾಗುವುದು ಡಿಸ್ಕ್ ಒಂದೇ ಅಲ್ಲ. ಕೇಬಲ್, ತಿರುಪು, ವಿದ್ಯುತ್ ಹಂಚಿಕೆ, ಗಾಳಿಯ ದಾರಿ ಎಲ್ಲವೂ ಬದಲಾಗಿರುತ್ತವೆ. ಮುಖ್ಯ ಕಡತಗಳ ಪ್ರತಿ ತೆಗೆದ ಮೇಲೆ ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಿ. ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಮೇಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು, ಹೊಸ ಡಿಸ್ಕ್‌ನ ವಿದ್ಯುತ್ ತಂತಿಯನ್ನು ಮಾತ್ರ ಬಿಡಿಸಿ. ಮತ್ತೆ ಚಾಲೂ ಮಾಡಿ. ಸದ್ದು ಉಳಿಯಿತೇ? ಹಾಗಾದರೆ ಅದು ಹೊಸ ಡಿಸ್ಕ್‌ನದಲ್ಲ. ರಟ್ಟಿನ ಕೊಳವೆಯೊಂದನ್ನು ಕಿವಿಗೆ ಹಿಡಿದು ವೈದ್ಯರಂತೆ ಆಲಿಸಿದರೆ ಸದ್ದಿನ ದಿಕ್ಕೂ ತಿಳಿಯುತ್ತದೆ.

ಡಿಸ್ಕ್ ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ. ಇದಕ್ಕೆ ‘ಸ್ಮಾರ್ಟ್’ ದಾಖಲೆ ಎಂದು ಹೆಸರು, ಉಚಿತ ತಂತ್ರಾಂಶಗಳಿಂದ ಇದನ್ನು ಓದಬಹುದು. ಇದರಲ್ಲಿ 5 ಮತ್ತು 197ನೆಯ ಸಾಲುಗಳ ಎಣಿಕೆ ಏರುತ್ತಿದ್ದರೆ ತಟ್ಟೆಯ ಮೇಲಿನ ಜಾಗ ಕೆಡುತ್ತಿದೆ ಎಂದರ್ಥ. 199ನೆಯ ಸಾಲು ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ದೋಷ ಕೇಬಲ್ಲಿನದು. ಆದರೆ ದಾಖಲೆ ಚೆನ್ನಾಗಿದೆ ಎಂದು ಕ್ಲಿಕ್ ಸದ್ದನ್ನು ಕಡೆಗಣಿಸಬೇಡಿ. ಎಚ್ಚರಿಕೆಯನ್ನೇ ಕೊಡದೆ ನಿಂತುಹೋಗುವ ಡಿಸ್ಕ್‌ಗಳೂ ಇವೆ. ಹಾಗೆಯೇ, ಹೊಸ ಡಿಸ್ಕ್‌ಗೆ ಕಡತಗಳನ್ನು ತುಂಬಿದ ಬಳಿಕ ಕಂಪ್ಯೂಟರ್ ಅವುಗಳ ಸೂಚಿ ತಯಾರಿಸುವಾಗ ಕೆಲವು ಗಂಟೆ ‘ಕರ್ ಕರ್’ ಎನ್ನುವುದು ಸಹಜ. ಅದಕ್ಕೆ ಹೆದರಬೇಕಾಗಿಲ್ಲ.

ಕೊನೆಯದಾಗಿ ಒಂದು ಮಾತು. ಡಿಸ್ಕ್ ಬದಲಿಸಿದ ದಿನ ನಿಮ್ಮ ಕೈಯಲ್ಲಿ ಒಂದು ಅಪರೂಪದ ಅನುಕೂಲವಿರುತ್ತದೆ: ಹೊಸದರಲ್ಲೂ ಎಲ್ಲವೂ ಇದೆ, ಹಳೆಯದರಲ್ಲೂ ಎಲ್ಲವೂ ಇದೆ. ಬಹಳ ಮಂದಿ ಅಂದೇ ಹಳೆಯದನ್ನು ಅಳಿಸಿ, ಮಾರಿ ಅಥವಾ ಯಾರಿಗಾದರೂ ಕೊಟ್ಟು ಈ ಅನುಕೂಲವನ್ನು ಕಳೆದುಕೊಳ್ಳುತ್ತಾರೆ. ಹೊಸ ಡಿಸ್ಕ್ ಒಂದು ತಿಂಗಳಾದರೂ ಸರಿಯಾಗಿ ನಡೆಯಲಿ, ಮುಖ್ಯ ಕಡತಗಳು ಇನ್ನೊಂದು ಕಡೆಯೂ ಸೇರಲಿ, ಅಲ್ಲಿಯವರೆಗೆ ಹಳೆಯದನ್ನು ಮುಟ್ಟಬೇಡಿ. ರೈತ ಬೆಳೆದ ಧಾನ್ಯವನ್ನೆಲ್ಲ ತಿಂದುಬಿಡುವುದಿಲ್ಲ, ಬಿತ್ತನೆಗೆಂದು ಒಂದಿಷ್ಟನ್ನು ಬೇರೆ ಎತ್ತಿಡುತ್ತಾನೆ. ಆ ವಿವೇಕ ನಮ್ಮ ಕಡತಗಳಿಗೂ ಇರಲಿ.

ಇಂದು ಸಂಜೆ ಮನೆಯಲ್ಲೋ ಪ್ರಯೋಗಾಲಯದಲ್ಲೋ ಕಂಪ್ಯೂಟರ್ ಚಾಲೂ ಮಾಡಿದಾಗ ಒಂದು ನಿಮಿಷ ಸುಮ್ಮನೆ ಕುಳಿತು ಅದರ ಸದ್ದನ್ನು ಕೇಳಿ. ಆರೋಗ್ಯವಾಗಿದ್ದಾಗಿನ ದನಿ ಗೊತ್ತಿದ್ದವರಿಗೆ ಮಾತ್ರ ಕೆಟ್ಟ ದಿನದ ದನಿ ಗುರುತಾಗುತ್ತದೆ.