ಮರೆತ ಪಾಠಕ್ಕೆ ಮರಳಿದಾಗ

(ಸುವರ್ಣ ಮಹೋತ್ಸವದ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಲ್ಲಿ ಹತ್ತನೇ ತರಗತಿ, ಪುತ್ತೂರಿನಲ್ಲಿ ಪಿಯುಸಿ, ಆಮೇಲೆ ಬಿಇ ಮುಗಿಸಿ ನಾನೀಗ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಂದು ಹೇಳುವುದು ನನ್ನ ಕೆಲಸದ ಬಗ್ಗೆ ಅಲ್ಲ, ಇದೇ ಶಾಲೆಯಲ್ಲಿ ಕಲಿತ ನನ್ನ ಹೆಂಡತಿಯ ಓದಿನ ಬಗ್ಗೆ.

ಬಿಎಸ್ಸಿ ಮುಗಿಸಿ ಹನ್ನೆರಡು ವರ್ಷಗಳ ನಂತರ ಅವಳಿಗೆ ಅಲ್ಲಿ ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸಿಗೆ ಸೀಟು ಸಿಕ್ಕಿತು. ವೈದ್ಯರ ಜೊತೆಗಿದ್ದು ರೋಗಿಗಳನ್ನು ಪರೀಕ್ಷಿಸುವ, ಮದ್ದು ಬರೆಯುವ ಕೆಲಸ ಅದು. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಈ ಓದು 1992ರಲ್ಲಿ ಚೆನ್ನೈಗೂ ಬಂತು.

ತರಗತಿಗೆ ನಾಲ್ಕು ತಿಂಗಳಿತ್ತು. ಹಳೆಯ ವಿಜ್ಞಾನವನ್ನು ತಿರುವಿ ಹಾಕಲು ಕುಳಿತಳು. ಅರ್ಧಕ್ಕರ್ಧ ಮರೆತುಹೋಗಿತ್ತು. "ಸೀಟು ಬಿಟ್ಟುಬಿಡುತ್ತೇನೆ. ನಾಳೆ ರೋಗಿಯ ಮುಂದೆ ಗೊತ್ತಿಲ್ಲದಿದ್ದರೆ ಏನು ಗತಿ?" ಎಂದಳು. ಮಗು ಮಲಗಿದ ಮೇಲೆ ನಾನು ಪ್ರಶ್ನೆ ಕೇಳುವುದು, ಅವಳು ಉತ್ತರಿಸುವುದು ಎಂದು ಮಾಡಿಕೊಂಡೆವು.

ಒಂದು ರಾತ್ರಿಯ ಪ್ರಶ್ನೆ: ರಕ್ತದಲ್ಲಿ ಸೋಡಿಯಂ ತುಂಬ ಇಳಿದರೆ ಮೆದುಳು ಏಕೆ ಊದಿಕೊಳ್ಳುತ್ತದೆ? ಅವಳಿಗೆ ಹೊಳೆಯಲಿಲ್ಲ. ನನಗೂ ಗೊತ್ತಿರಲಿಲ್ಲ. ಸೋಡಿಯಂ 135ಕ್ಕಿಂತ ಕಡಿಮೆಯಾದರೆ ಕೆಂಪಾಗಿ ತೋರಿಸುವ ಪ್ರೋಗ್ರಾಂ ಬರೆದವನು ನಾನೇ! ಏಕೆ ಕೆಂಪು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆ ಭಾನುವಾರ ಅಮ್ಮ ಫೋನಿನಲ್ಲಿ, "ಮಿಡಿಗೆ ಉಪ್ಪು ಹಾಕಿ ನಾಲ್ಕು ದಿನ ಆಯ್ತು, ಚಿರುಟಿ ನೀರು ಬಿಟ್ಟಿದೆ" ಎಂದರು. ಇವಳು ತಟ್ಟನೆ, "ಅಭಿಸರಣೆ! ನಮ್ಮ ಸರ್ ಒಣದ್ರಾಕ್ಷಿ ನೀರಿಗೆ ಹಾಕಿ ತೋರಿಸಿದ್ದು!" ಎಂದಳು. ಹೊರಗೆ ಉಪ್ಪು ಹೆಚ್ಚಿದ್ದರೆ ಮಿಡಿಯ ನೀರು ಹೊರಬರುತ್ತದೆ. ರಕ್ತದಲ್ಲಿ ಸೋಡಿಯಂ ಕಡಿಮೆಯಾದರೆ ಇದಕ್ಕೆ ತಿರುಗಾಮುರುಗ, ನೀರು ಜೀವಕೋಶದ ಒಳಗೆ ನುಗ್ಗುತ್ತದೆ. ತಲೆಬುರುಡೆಯೊಳಗೆ ಊದಲು ಜಾಗವೆಲ್ಲಿ?

ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಅಡಿಕೆ ತೋಟ ನೆನಪಾಯಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಅಪ್ಪ ಕಬ್ಬಿಣದ ಕತ್ತಿ ಅದ್ದಿ ನೋಡುತ್ತಿದ್ದರು. ಕತ್ತಿಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ. ರಕ್ತದ ಪಿಎಚ್ ಕೂಡ 7.35ರಿಂದ 7.45ರೊಳಗೆ ಇರಬೇಕು.

ಹಾಗೆಂದು ಎಲ್ಲವೂ ಸುಲಭವಾಗಲಿಲ್ಲ. ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆದುಕೊಂಡು ಎರಡು ನೋಟ್‌ಬುಕ್ ತುಂಬಿಸಿದಳು. ಹೃತ್ಕರ್ಣ, ಹೃತ್ಕುಕ್ಷಿ ಗೊತ್ತಿದ್ದವಳಿಗೆ ಹೃದಯ ಹೊಸದಲ್ಲ, ಹೆಸರು ಮಾತ್ರ ಹೊಸದು. ಈಗ ಅವಳ ತರಗತಿ ಶುರುವಾಗಿದೆ, ಹಾಗಾಗಿ ಇಂದು ಬರಲಾಗಲಿಲ್ಲ.

ಮಕ್ಕಳೇ, ಬಾಯಿಪಾಠ ಮಾಡಿದ್ದು ನಮಗೆ ಮರೆತುಹೋಯಿತು, ಕಣ್ಣಾರೆ ಕಂಡದ್ದು ಉಳಿಯಿತು. ಮರೆತದ್ದನ್ನು ಮೊದಲಿನಿಂದ ಕಲಿಯಲು ನಾಚಿಕೆ ಬೇಡ. ಗೆಳೆಯರೇ, ಈ ಸುವರ್ಣ ವರ್ಷದ ನೆನಪಿಗೆ ನಾವು ಸೇರಿ ಪ್ರಯೋಗಾಲಯಕ್ಕೆ ಕೆಲವು ಸೂಕ್ಷ್ಮದರ್ಶಕಗಳನ್ನು ಕೊಡೋಣ. ಮೊದಲನೆಯದು ನಮ್ಮ ಮನೆಯಿಂದ.